ಗಂಗೆ ಬರುವ ತನಕ

ರಂಗೂನಿನಲ್ಲಿ ಎಂಜಿನಿಯರಿಂಗ್ ಪಾಠ ಹೇಳಿದ ಡಾ. ಕೆ. ಎಲ್. ರಾವ್ ಅವರ ವಿದ್ಯೆಯ ಬಗ್ಗೆ ನಮಗೆ ಸಂಶಯವಿಲ್ಲ. ನಾಗಾರ್ಜುನಸಾಗರದಲ್ಲಿ ಅವರ ಪಾಲನ್ನು ಯಾರೂ ಅಲ್ಲಗಳೆಯಲಾರರು. ನಮ್ಮ ತಕರಾರೇನಿದ್ದರೂ ಕೇಂದ್ರದ ಮಂತ್ರಿ ರಾಯರೊಡನೆ.

1972ರಲ್ಲಿ ಅವರು ಗಂಗೆಯನ್ನು 2,640 ಕಿಲೋಮೀಟರು ನಡೆಸಿ ಕಾವೇರಿಗೆ ತರುವ ಯೋಜನೆ ಮುಂದಿಟ್ಟರು. ನೀರನ್ನು ಸುಮಾರು 550 ಮೀಟರು ಮೇಲೆತ್ತಬೇಕು. ಅದಕ್ಕೆ 5,000ದಿಂದ 7,000 ಮೆಗಾವಾಟ್ ವಿದ್ಯುತ್ ಬೇಕು. ಆಗ ದೇಶದ ಬಹುಪಾಲು ಹಳ್ಳಿಗಳಲ್ಲಿ ಉರಿಯುತ್ತಿದ್ದುದು ಸೀಮೆಎಣ್ಣೆ ಬುಡ್ಡಿ! ನೀರಾವರಿ ಮಂತ್ರಿಗಳು ವಿದ್ಯುತ್ ಮಂತ್ರಿಗಳನ್ನು ಒಂದು ಮಾತು ಕೇಳಬಹುದಿತ್ತು. ಇಬ್ಬರೂ ಅವರೇ ಆಗಿದ್ದರಲ್ಲ!

ಖರ್ಚನ್ನು ತೀರಾ ಕಡಿಮೆ ತೋರಿಸಲಾಗಿದೆಯೆಂದು ಕೇಂದ್ರ ಜಲ ಆಯೋಗವೇ ಹೇಳಿತು. ವಿದ್ಯಾರ್ಥಿಯೊಬ್ಬ ಇಂಥ ಲೆಕ್ಕ ಬರೆದಿದ್ದರೆ ಪ್ರೊಫೆಸರರು ಎಷ್ಟು ಅಂಕ ಕೊಡುತ್ತಿದ್ದರೋ!

ಗಂಗೆ ಬರಲಿಲ್ಲ. ಊರ ಕೆರೆಯ ಹೂಳೆತ್ತಲು ಮೆಗಾವಾಟ್ ಬೇಡ; ಗುದ್ದಲಿ, ಬುಟ್ಟಿ ಹಿಡಿದವರಿಗೆ ಹೊತ್ತಿಗೆ ಸರಿಯಾಗಿ ಕೂಲಿ ಕೊಟ್ಟಿದ್ದರೆ ಸಾಕಿತ್ತು.