ಹೊಲಿಗೆ ಬಿಚ್ಚಿದ ಮೇಲೂ ಒಂದು ಕೆಲಸ ಬಾಕಿ ಇದೆ

1/5
ನಿಮ್ಮ ಕ್ಲಾಸಲ್ಲಿ ಅಪೆಂಡಿಕ್ಸ್ ಆಪರೇಷನ್ ಆದವರು ಯಾರಾದ್ರೂ ಇದ್ದಾರಾ? ಇದ್ರೆ ಒಂದು ಪ್ರಶ್ನೆ ಕೇಳಿ ನೋಡಿ: "ತೆಗೆದ ಅಪೆಂಡಿಕ್ಸ್‌ನ ಬಯಾಪ್ಸಿ ರಿಪೋರ್ಟಲ್ಲಿ ಏನು ಬಂತು?"

ಹೊಟ್ಟೆ ಮೇಲಿನ ಗುರುತು ತೋರಿಸ್ತಾರೆ. ಎಷ್ಟು ದಿನ ಕಾಲೇಜಿಗೆ ರಜೆ ಹಾಕಿದ್ರು ಅಂತಾನೂ ಹೇಳ್ತಾರೆ. ರಿಪೋರ್ಟ್ ಮಾತ್ರ ನೋಡಿರೋದು ಅನುಮಾನ.

ನನ್ನ ವಾದ ಇಷ್ಟೇ: ಆ ರಿಪೋರ್ಟ್ ಬಂದು, ಡಾಕ್ಟರ್ ಅದನ್ನ ಓದಿ, ನಿಮಗೆ ಹೇಳೋವರೆಗೂ ಅಪೆಂಡಿಕ್ಸ್ ಆಪರೇಷನ್ ಮುಗಿದಿಲ್ಲ. ಯಾಕೆ ಅಂತ ಮುಂದೆ ಓದಿ 👉

2/5
ಮಕ್ಕಳ ಅಪೆಂಡಿಕ್ಸ್‌ನಲ್ಲೂ ಗಡ್ಡೆ ಆಗುತ್ತೆ. ಬಹಳ ಅಪರೂಪ, ಆದರೆ ಆಗುತ್ತೆ. ಅವುಗಳಲ್ಲಿ ಹೆಚ್ಚಾಗಿ ಸಿಗೋದು ನ್ಯೂರೋಎಂಡೋಕ್ರೈನ್ ಟ್ಯೂಮರ್. ಹಳೇ ಹೆಸರು ಕಾರ್ಸಿನಾಯ್ಡ್. ಸಾವಿರ ಅಪೆಂಡಿಕ್ಸ್ ಪರೀಕ್ಷೆ ಮಾಡಿದ್ರೆ ಬೆರಳೆಣಿಕೆಯಷ್ಟರಲ್ಲಿ ಮಾತ್ರ ಇರುತ್ತೆ.

ಇದರ ಸ್ವಭಾವ ಏನಂದ್ರೆ, ಸಾಮಾನ್ಯವಾಗಿ ತಾನಾಗಿ ಯಾವ ಸುಳಿವೂ ಕೊಡಲ್ಲ. ಮಗು ಹೊಟ್ಟೆನೋವು ಅಂತ ಬರುತ್ತೆ, ಅಪೆಂಡಿಸೈಟಿಸ್ ಅಂತ ಆಪರೇಷನ್ ಆಗುತ್ತೆ. ಗಡ್ಡೆ ಸ್ಕ್ಯಾನಿಂಗಲ್ಲಿ ಸಾಮಾನ್ಯವಾಗಿ ಕಾಣಲ್ಲ. ಎಷ್ಟೋ ಸಲ ಸರ್ಜನ್ ಕಣ್ಣಿಗೂ ಬೀಳಲ್ಲ.

ಮತ್ತೆ ಗೊತ್ತಾಗೋದು ಎಲ್ಲಿ? ಲ್ಯಾಬಲ್ಲಿ. ತೆಗೆದ ಅಪೆಂಡಿಕ್ಸನ್ನ ಫಾರ್ಮಲಿನ್‌ನಲ್ಲಿ ಹಾಕಿ ಕಳಿಸ್ತಾರೆ. ಅದನ್ನ ಕತ್ತರಿಸಿ, ಮೇಣದಲ್ಲಿ ಕೂರಿಸಿ, ತೆಳ್ಳಗಿನ ಪದರ ತೆಗೆದು, ಬಣ್ಣ ಹಾಕಿ, ಮೈಕ್ರೋಸ್ಕೋಪ್ ಕೆಳಗೆ ನೋಡ್ತಾರೆ. ಈ ಗಡ್ಡೆ ಹೆಚ್ಚಾಗಿ ಕೂತಿರೋದು ಅಪೆಂಡಿಕ್ಸ್‌ನ ತುದಿಯಲ್ಲಿ, ಅದಕ್ಕೇ ತುದಿಯನ್ನ ತಪ್ಪದೆ ನೋಡ್ತಾರೆ. ಇಷ್ಟೆಲ್ಲ ಆಗೋಕೆ ಕೆಲವು ದಿನ ಬೇಕು. ಅಷ್ಟರಲ್ಲಿ ನೀವು ಡಿಸ್ಚಾರ್ಜ್ ಆಗಿ ಮನೇಲಿ ಗಂಜಿ ಕುಡೀತಿರ್ತೀರಿ.

3/5
"ಸುಮ್ನೆ ಹೆದರಿಸ್ತೀಯ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಹೆದರೋ ವಿಷಯ ಅಲ್ಲ ಇದು. ಮಕ್ಕಳಲ್ಲಿ ಈ ಗಡ್ಡೆ ಬಹುತೇಕ ಚಿಕ್ಕದಾಗೇ ಇರುತ್ತೆ. ಒಂದು ಸೆಂಟಿಮೀಟರ್ ಒಳಗಿದ್ದು, ಪೂರ್ತಿ ಹೊರಗೆ ಬಂದಿದ್ರೆ, ಸಾಮಾನ್ಯವಾಗಿ ಆ ಆಪರೇಷನ್ನೇ ಚಿಕಿತ್ಸೆ. ಎರಡು ಸೆಂಟಿಮೀಟರ್ ದಾಟಿದ್ರೆ, ಅಂಚಲ್ಲಿ ಉಳಿದಿದ್ರೆ, ಆಗ ಮುಂದೇನು ಅಂತ ಡಾಕ್ಟರ್‌ಗಳು ಕೂತು ಯೋಚಿಸಬೇಕು.

ಈ ಅಳತೆ, ಈ ಅಂಚು, ಎಲ್ಲಾ ಬರೆದಿರೋದು ಅದೇ ರಿಪೋರ್ಟಲ್ಲಿ.

1907ರಲ್ಲಿ ಜರ್ಮನಿಯ ರೋಗಶಾಸ್ತ್ರಜ್ಞ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ ಕರುಳಿನ ಇಂಥ ಗಡ್ಡೆಗಳಿಗೆ "ಕಾರ್ಸಿನಾಯ್ಡ್", ಅಂದ್ರೆ ಕ್ಯಾನ್ಸರ್ ಥರದ್ದು, ಅಂತ ಹೆಸರಿಟ್ಟರು. ಇವು ನಿರಪಾಯಕಾರಿ ಅನ್ನೋದು ಅವರ ಅಭಿಪ್ರಾಯ. 1929ರಲ್ಲಿ ಅವರೇ, ಕೆಲವು ಹರಡಬಹುದು ಅಂತ ತಿದ್ದಿಕೊಂಡರು. ಅದಕ್ಕೇ "ಅಯ್ಯೋ ಕ್ಯಾನ್ಸರ್!" ಅನ್ನೋದೂ ಬೇಡ, "ಏನೂ ಆಗಲ್ಲ ಬಿಡು" ಅನ್ನೋದೂ ಬೇಡ. ಓದಿ ತಿಳ್ಕೊಳ್ಳೋಣ.

4/5
ಈಗ ಯಾರ ಜವಾಬ್ದಾರಿ ಅನ್ನೋ ಮಾತು. ಮೊದಲನೇದು ಆಸ್ಪತ್ರೆಯದ್ದು. ಡಿಸ್ಚಾರ್ಜ್ ಚೀಟಿಯಲ್ಲಿ "ಬಯಾಪ್ಸಿ ಬಾಕಿ, ಇಂಥ ದಿನ ಬನ್ನಿ" ಅಂತ ಕನ್ನಡದಲ್ಲಿ ದಪ್ಪಗೆ ಬರೀಬೇಕು. ರಿಪೋರ್ಟಲ್ಲಿ ಬೇರೇನಾದ್ರೂ ಕಂಡ್ರೆ ತಾವೇ ಫೋನ್ ಮಾಡಬೇಕು. ಹಳ್ಳಿಯಿಂದ ಎರಡು ಬಸ್ ಹತ್ತಿ ಬಂದ ಅಪ್ಪ, ಮಗು ಆಡಿಕೊಂಡಿರುವಾಗ ಬರೀ ಒಂದು ಹಾಳೆಗೋಸ್ಕರ ಕೂಲಿ ಬಿಟ್ಟು ಮತ್ತೆ ಬರ್ತಾನೆ ಅಂತ ನಂಬಿ ಕೂರೋದು ವ್ಯವಸ್ಥೆ ಅಲ್ಲ.

ಎರಡನೇದು ನಮ್ಮದು. ಎಷ್ಟೋ ಮನೆಗಳಲ್ಲಿ ಇಂಗ್ಲಿಷ್ ಚೀಟಿ ಓದೋರು ನಾವೇ ಅಲ್ವಾ? ಕರೆಂಟ್ ಬಿಲ್, ಬ್ಯಾಂಕ್ ಮೆಸೇಜ್, ಮಾತ್ರೆ ಪಟ್ಟಿ, ಎಲ್ಲಾ ನಮ್ಮ ಕೈಗೇ ಬರುತ್ತೆ. ತಮ್ಮನದ್ದೋ, ಅಕ್ಕನ ಮಗಳದ್ದೋ ಆಪರೇಷನ್ ಆದಾಗ ಈ ಹಾಳೆಯನ್ನೂ ಕೇಳೋದು ನಮ್ಮ ಕೆಲಸ.

5/5
ಡಿಸ್ಚಾರ್ಜ್ ದಿನ ಮೂರೇ ಪ್ರಶ್ನೆ ಕೇಳಿ:
🔹 ಅಪೆಂಡಿಕ್ಸನ್ನ ಬಯಾಪ್ಸಿಗೆ ಕಳಿಸಿದ್ದೀರಾ?
🔹 ರಿಪೋರ್ಟ್ ಯಾವತ್ತು, ಎಲ್ಲಿ ಸಿಗುತ್ತೆ?
🔹 ಅದನ್ನ ನಮಗೆ ವಿವರಿಸಿ ಹೇಳೋರು ಯಾರು?

ರಿಪೋರ್ಟ್ ಕೈಗೆ ಬಂದ್ಮೇಲೆ ಒಬ್ಬರೇ ಕೂತು ಗೂಗಲ್ ಮಾಡಿ ರಾತ್ರಿ ನಿದ್ದೆಗೆಡಬೇಡಿ. ಆಪರೇಷನ್ ಮಾಡಿದ ಡಾಕ್ಟರ್‌ಗೇ ತೋರಿಸಿ. ಫೋಟೋ ತೆಗೆದು ಮನೆಯ ಇಬ್ಬರ ಫೋನಲ್ಲಿ ಇಟ್ಕೊಳ್ಳಿ, ಒರಿಜಿನಲ್ ಫೈಲಲ್ಲಿರಲಿ.

ಆಪರೇಷನ್ ಆಗಿ ವರ್ಷಗಳೇ ಆಗಿದ್ರೆ ಗಾಬರಿ ಬೇಡ. ಮುಂದಿನ ಸಲ ಆ ಕಡೆ ಹೋದಾಗ ಒಂದು ಕಾಪಿ ಕೇಳಿ. ಹೆಚ್ಚಿನ ಪಾಲು ಅದರಲ್ಲಿ ಬರೀ "ಅಪೆಂಡಿಸೈಟಿಸ್" ಅಂತಷ್ಟೇ ಇರುತ್ತೆ. ಇರಲಿ, ಒಳ್ಳೇದೇ ಆಯ್ತು.

ಅಪೆಂಡಿಕ್ಸ್ ಆಪರೇಷನ್ ಆಗಿರೋ ಫ್ರೆಂಡ್‌ನ ಕೆಳಗೆ ಟ್ಯಾಗ್ ಮಾಡಿ 👇

#ಅಪೆಂಡಿಕ್ಸ್ #ರಿಪೋರ್ಟ್_ಕೇಳಿ #ಕನ್ನಡದಲ್ಲಿ_ಆರೋಗ್ಯ