ವಕೀಲರಲ್ಲಿ ಆಡುವ ಮೊದಲ ಮಾತು

ವೈದ್ಯರಲ್ಲಿಯೂ ವಕೀಲರಲ್ಲಿಯೂ ಸುಳ್ಳು ಹೇಳಬಾರದೆಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಬಹುಕಾಲದಿಂದ ಬಂದದ್ದು. ಅದರ ಮೊದಲರ್ಧವನ್ನು ನಾವು ಹೇಗೋ ಪಾಲಿಸುತ್ತೇವೆ. ನೋವು ಎಲ್ಲಿದೆಯೆಂದು ವೈದ್ಯರಿಗೆ ಹೇಳದೆ ಗತಿಯಿಲ್ಲ. ಎರಡನೆಯ ಅರ್ಧ ಮಾತ್ರ ಗಾದೆಯಾಗಿಯೇ ಉಳಿದಿದೆ. ಕ್ರಿಮಿನಲ್ ಮೊಕದ್ದಮೆಯ ಸುಳಿಗೆ ಸಿಕ್ಕ ಮನುಷ್ಯ ಠಾಣೆಯಲ್ಲಿ ಹೇಳಬೇಕಾಗಿಲ್ಲದ್ದನ್ನೆಲ್ಲ ಹೇಳಿ, ತನ್ನ ವಕೀಲರೆದುರು ಹೇಳಲೇಬೇಕಾದದ್ದನ್ನು ಬಚ್ಚಿಡುವುದುಂಟು. ಇದಕ್ಕೆ ಕಾರಣ ಕಾನೂನಿನ ಅಜ್ಞಾನವೊಂದೇ ಅಲ್ಲ. ವಕೀಲರೆಂದರೆ ಏನು, ಏತಕ್ಕೆ ಎಂಬ ವಿಷಯದಲ್ಲಿ ನಮ್ಮ ಸಮಾಜ ಬೆಳೆಸಿಕೊಂಡಿರುವ ತಪ್ಪು ಕಲ್ಪನೆಯೂ ಕಾರಣ.

ಮನೆಯ ಹುಡುಗನೊಬ್ಬನನ್ನು ಪೊಲೀಸರು ಕರೆದೊಯ್ದರೆಂದರೆ ನಮ್ಮವರು ಮೊದಲು ಓಡುವುದು ಊರ ಮುಖಂಡರ ಮನೆಗೆ. ಆಮೇಲೆ ಠಾಣೆಯಲ್ಲಿ ಬಳಕೆಯಿರುವವರ ಮನೆಗೆ. ಅಲ್ಲೆಲ್ಲ ಕೆಲಸವಾಗದೆ ಹೋದಾಗ ವಕೀಲರ ಮನೆಗೆ. ವಕೀಲರನ್ನು ಹುಡುಕುವುದೆಂದರೆ ತಪ್ಪನ್ನು ಒಪ್ಪಿಕೊಂಡಂತೆ ಎಂಬ ಭಾವನೆ ಒಳಗೆ ಕೆಲಸ ಮಾಡುತ್ತಿರುತ್ತದೆ. ‘ತಪ್ಪು ಮಾಡದವನಿಗೆ ವಕೀಲರೇಕೆ?’ ಎಂದು ಅಕ್ಕಪಕ್ಕದವರೂ ಕೇಳುತ್ತಾರೆ. ಈ ಪ್ರಶ್ನೆಯಷ್ಟು ಅಪಾಯಕರವಾದ ಪ್ರಶ್ನೆ ಬೇರೊಂದಿಲ್ಲ. ಏಕೆಂದರೆ, ಮುಖಂಡರ ಮನೆಯ ಜಗಲಿಯಲ್ಲಿ ಕಳೆದುಹೋಗುವ ಆ ಒಂದೆರಡು ದಿನಗಳೇ ಮೊಕದ್ದಮೆಯಲ್ಲಿ ಬಹು ಬೆಲೆಯುಳ್ಳ ದಿನಗಳು.

ನಮ್ಮ ಸಂವಿಧಾನ ಹಾಗೆ ಕೇಳುವುದಿಲ್ಲ. ಬಂಧಿತನಿಗೆ ಬಂಧನದ ಕಾರಣವನ್ನು ತಿಳಿಸಬೇಕೆಂದೂ ತನಗೆ ಬೇಕಾದ ವಕೀಲರೊಡನೆ ಸಮಾಲೋಚಿಸುವ ಹಕ್ಕನ್ನು ಅವನಿಗೆ ನಿರಾಕರಿಸಬಾರದೆಂದೂ 22ನೆಯ ಅನುಚ್ಛೇದ ಒಂದೇ ಉಸಿರಿನಲ್ಲಿ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 38ನೆಯ ಕಲಮಿನಂತೆ, ಬಂಧಿತನು ವಿಚಾರಣೆಯ ಕಾಲದಲ್ಲಿ, ಅದರ ಉದ್ದಕ್ಕೂ ಅಲ್ಲವಾದರೂ, ತನ್ನ ವಕೀಲರನ್ನು ಕಾಣಬಹುದು. ಹಣವಿಲ್ಲದವನ ಗತಿಯೇನು ಎಂಬ ಪ್ರಶ್ನೆಗೂ ಸರ್ವೋಚ್ಚ ನ್ಯಾಯಾಲಯ 1979ರ ಹುಸೇನಾರಾ ಖಾತೂನ್ ಪ್ರಕರಣದಲ್ಲಿಯೂ 1981ರ ಖತ್ರಿ ಪ್ರಕರಣದಲ್ಲಿಯೂ ಉತ್ತರ ಕೊಟ್ಟಿದೆ: ವಕೀಲರನ್ನು ಒದಗಿಸುವುದು ಸರ್ಕಾರದ ಕರ್ತವ್ಯ, ಬೊಕ್ಕಸದಲ್ಲಿ ಹಣವಿಲ್ಲವೆಂಬ ನೆಪ ಸಲ್ಲದು. 1986ರಲ್ಲಿ ಅರುಣಾಚಲ ಪ್ರದೇಶದ ಸುಕ್ ದಾಸ್ ಎಂಬವರ ಶಿಕ್ಷೆಯನ್ನೇ ಅದು ರದ್ದುಪಡಿಸಿತು. ಅವರಿಗೆ ವಕೀಲರಿರಲಿಲ್ಲ, ಉಚಿತ ನೆರವಿಗೆ ತಾವು ಅರ್ಹರೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ವಕೀಲರಿಲ್ಲದ ವಿಚಾರಣೆ ವಿಚಾರಣೆಯೇ ಅಲ್ಲ ಎಂಬುದು ಇದರ ತಾತ್ಪರ್ಯ.

ಹಾಗಾದರೆ ತಪ್ಪಿತಸ್ಥನ ಪರವಾಗಿ ನಿಲ್ಲುವುದು ಧರ್ಮವೇ ಎಂದು ಸಜ್ಜನರು ಆಕ್ಷೇಪಿಸಬಹುದು. ತಪ್ಪಿತಸ್ಥನೆಂದು ತೀರ್ಮಾನಿಸಬೇಕಾದದ್ದು ನ್ಯಾಯಪೀಠ. ಬೀದಿಯಲ್ಲ, ವಕೀಲರೂ ಅಲ್ಲ. ಆದುದರಿಂದಲೇ ಆರೋಪಿಯ ದೋಷದ ಬಗ್ಗೆ ತನ್ನ ಸ್ವಂತ ಅಭಿಪ್ರಾಯವೇನೇ ಇರಲಿ, ವಕೀಲನು ಅವನನ್ನು ಸಮರ್ಥಿಸತಕ್ಕದ್ದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮ ವಿಧಿಸಿದೆ. ಈ ನಿಯಮವನ್ನು ವಕೀಲರೇ ಮರೆತದ್ದುಂಟು. ಕೊಯಮತ್ತೂರಿನ ವಕೀಲರ ಸಂಘ ಪೊಲೀಸರ ಪರವಾಗಿ ಯಾರೂ ವಾದಿಸಕೂಡದೆಂದು ನಿರ್ಣಯಿಸಿತ್ತು. ಇಂಥ ನಿರ್ಣಯಗಳು ಅಸಿಂಧುವೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಸಾರಿತು. ಆದರೂ 2020ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ, ರಾಜದ್ರೋಹದ ಆಪಾದನೆಗೆ ಒಳಗಾದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಅಂಥದೇ ನಿರ್ಣಯವಾಯಿತು. ಉಚ್ಚ ನ್ಯಾಯಾಲಯ ಅದನ್ನು ಕಟುವಾಗಿ ಆಕ್ಷೇಪಿಸಿತು. ಬೆಂಗಳೂರಿನ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಧಾರವಾಡಕ್ಕೆ ಹೋಗಿ ಜಾಮೀನಿನ ಅರ್ಜಿ ಸಲ್ಲಿಸಬೇಕಾಯಿತು. ಒಂದು ಕಡೆ ಪೊಲೀಸರು, ಇನ್ನೊಂದು ಕಡೆ ವಿದ್ಯಾರ್ಥಿಗಳು. ಇಂದು ಒಬ್ಬರಿಗೆ ಮುಚ್ಚಿದ ಬಾಗಿಲು ನಾಳೆ ಯಾರಿಗೂ ಮುಚ್ಚಬಹುದೆಂಬುದಕ್ಕೆ ಬೇರೆ ನಿದರ್ಶನ ಬೇಕೇ?

ಇನ್ನು ವಕೀಲರ ಆಯ್ಕೆ. ಗಟ್ಟಿ ಕಂಠ, ದೊಡ್ಡ ಕಚೇರಿ, ಜಾತಿಯ ನಂಟು, ‘ನ್ಯಾಯಾಧೀಶರಿಗೆ ಬೇಕಾದವರು’ ಎಂಬ ಪಿಸುಮಾತು ಇವುಗಳನ್ನು ನೋಡಿ ಆರಿಸುವವರೇ ಹೆಚ್ಚು. ನೋಡತಕ್ಕದ್ದು ಬೇರೆ. ಈ ಬಗೆಯ ಪ್ರಕರಣಗಳನ್ನು ಆ ಜಿಲ್ಲೆಯ ನ್ಯಾಯಾಲಯದಲ್ಲಿ ಅವರು ನಡೆಸಿದ್ದಾರೆಯೇ? ಖುದ್ದಾಗಿ ಹಾಜರಾಗುತ್ತಾರೆಯೇ, ಕಿರಿಯರನ್ನು ಕಳುಹಿಸುತ್ತಾರೆಯೇ? ಹೇಳುವ ಶುಲ್ಕ ಜಾಮೀನಿನವರೆಗೋ, ತೀರ್ಪಿನವರೆಗೋ? ಇದನ್ನೆಲ್ಲ ಕೇಳುವುದು ಅವಿನಯವಲ್ಲ. ‘ಖಂಡಿತ ಬಿಡಿಸುತ್ತೇನೆ’ ಎಂದು ಮಾತು ಕೊಡುವವರಿಂದ ದೂರವಿರುವುದು ಲೇಸು. ಫಲಿತಾಂಶಕ್ಕೆ ಶುಲ್ಕವನ್ನು ಕಟ್ಟಿಹಾಕುವುದು ವಕೀಲರ ನಿಯಮಗಳಿಗೇ ವಿರುದ್ಧ. ಕೈ ಬರಿದಾದವರಿಗೆ ನ್ಯಾಯಾಲಯದ ಆವರಣದಲ್ಲಿಯೇ ಕಾನೂನು ಸೇವಾ ಸಮಿತಿಯ ಬಾಗಿಲಿದೆ. 1987ರ ಕಾಯಿದೆಯಂತೆ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಇವರಿಗೆಲ್ಲ ವರಮಾನದ ಲೆಕ್ಕವಿಲ್ಲದೆ ನೆರವು ಸಲ್ಲುತ್ತದೆ.

ಮೊದಲ ಭೇಟಿಗೆ ಬರಿಗೈಯಲ್ಲಿ ಹೋಗಬಾರದು. ಪ್ರಥಮ ವರ್ತಮಾನ ವರದಿಯ ಪ್ರತಿ, ಪೊಲೀಸರು ಕೊಟ್ಟ ನೋಟೀಸು, ಬಂಧನದ ಕಾಗದ, ಸಂಬಂಧಪಟ್ಟ ಪತ್ರಗಳು, ಹಳೆಯ ಮೊಕದ್ದಮೆಗಳಿದ್ದರೆ ಅವುಗಳ ವಿವರ, ಇವನ್ನು ಜೋಡಿಸಿಕೊಂಡು ಮೂಲವನ್ನು ಮನೆಯಲ್ಲಿಟ್ಟು ನಕಲನ್ನು ಒಯ್ಯುವುದು ಒಳ್ಳೆಯದು. ಅದಕ್ಕಿಂತ ಮುಖ್ಯವಾದದ್ದು, ನಡೆದದ್ದನ್ನು ದಿನಾಂಕ ವೇಳೆಗಳ ಕ್ರಮದಲ್ಲಿ, ವಕೀಲರಿಗೆಂದೇ, ಒಂದೆರಡು ಹಾಳೆಗಳಲ್ಲಿ ಬರೆದಿಡುವುದು. ತಾರೀಖು ಕ್ಷುಲ್ಲಕ ಸಂಗತಿಯಲ್ಲ. ಆರೋಪಿ ಬಂಧನದಲ್ಲಿರುವಾಗ 60 ದಿನಗಳೊಳಗೆ, ಗುರುತರ ಅಪರಾಧಗಳಲ್ಲಿ 90 ದಿನಗಳೊಳಗೆ, ದೋಷಾರೋಪಣ ಪಟ್ಟಿ ಸಲ್ಲದಿದ್ದರೆ ಜಾಮೀನು ಅವನ ಹಕ್ಕಾಗುತ್ತದೆ. ಆದರೆ ಪಟ್ಟಿ ಸಲ್ಲುವ ಮೊದಲೇ ಕೇಳಬೇಕು. ಲೆಕ್ಕ ತಪ್ಪಿದವನು ಹಕ್ಕನ್ನೂ ಕಳೆದುಕೊಳ್ಳುತ್ತಾನೆ. ತನಗೆ ಪ್ರತಿಕೂಲವೆಂದು ತೋರಿದ ಕಾಗದವನ್ನು ಹರಿಯುವುದು, ಫೋನಿನಲ್ಲಿರುವುದನ್ನು ಅಳಿಸುವುದು, ದೂರು ಕೊಟ್ಟವರ ಮನೆಗೆ ಹೋಗಿ ಮಾತನಾಡುವುದು ಇವನ್ನು ಮಾತ್ರ ಮಾಡಕೂಡದು. ಇಲ್ಲದ ಅಪರಾಧವನ್ನು ಹುಟ್ಟಿಸಿಕೊಳ್ಳುವ ಹಾದಿ ಅದು.

ಕಾಗದಗಳನ್ನು ಜೋಡಿಸುವುದು ಸುಲಭ. ಕಷ್ಟವಾದದ್ದು ಮನಸ್ಸನ್ನು ಸಿದ್ಧಗೊಳಿಸುವುದು. ತಾನು ನಿರಪರಾಧಿಯೆಂದು ನಂಬಿದರೆ ಮಾತ್ರ ವಕೀಲರು ಮನಸ್ಸಿಟ್ಟು ವಾದಿಸುತ್ತಾರೆಂದು ಭಾವಿಸಿ ಕಕ್ಷಿಗಾರ ಕಥೆಯನ್ನು ತಿದ್ದುತ್ತಾನೆ. ಒಂದು ಕಲ್ಪಿತ ನಿದರ್ಶನವನ್ನು ನೋಡೋಣ. ಗದ್ದೆಯ ಬದುವಿನ ಜಗಳದಲ್ಲಿ ಒಬ್ಬನಿಗೆ ಗಾಯವಾಗಿದೆ. ಆರೋಪಿ ಅಲ್ಲಿದ್ದದ್ದು ನಿಜ. ಎದುರಾಳಿ ಕುಡುಗೋಲೆತ್ತಿ ಬಂದಾಗ ದೊಣ್ಣೆ ಬೀಸಿದ್ದೂ ನಿಜ. ಆದರೆ ಭಯದಿಂದ ‘ಆ ದಿನ ನಾನು ಊರಿನಲ್ಲೇ ಇರಲಿಲ್ಲ’ ಎಂದು ವಕೀಲರಿಗೆ ಹೇಳುತ್ತಾನೆ. ವಕೀಲರು ಅದನ್ನೇ ನಂಬಿ ವಾದವನ್ನು ಕಟ್ಟುತ್ತಾರೆ. ನಡುವೆ ಫೋನಿನ ದಾಖಲೆ ಬಂದು ಅವನು ಅಲ್ಲಿಯೇ ಇದ್ದನೆಂದು ತೋರಿಸುತ್ತದೆ. ಈಗ ಸುಳ್ಳೂ ಹೋಯಿತು, ಸತ್ಯವೂ ಹೋಯಿತು. ಆತ್ಮರಕ್ಷಣೆಯೆಂಬ ನಿಜವಾದ ಸಮರ್ಥನೆ ಕೈಯಲ್ಲಿದ್ದರೂ ಇನ್ನು ಅದನ್ನು ನಂಬುವವರು ಯಾರು?

ಹೀಗೆ ಹೆದರುವ ಅಗತ್ಯವಿಲ್ಲ. ಕಕ್ಷಿಗಾರ ಹೇಳಿದ್ದನ್ನು ಅವನ ಸಮ್ಮತಿಯಿಲ್ಲದೆ ವಕೀಲರು ಹೊರಗೆಡಹಬಾರದೆಂಬುದು 1872ರ ಸಾಕ್ಷ್ಯ ಕಾಯಿದೆಯಲ್ಲಿತ್ತು. ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮಿನಲ್ಲಿಯೂ ಇದೆ. ಮೊಕದ್ದಮೆ ಮುಗಿದರೂ ಈ ಬಂಧ ಮುಗಿಯುವುದಿಲ್ಲ. ವಕೀಲರ ಗುಮಾಸ್ತರೂ ಇದಕ್ಕೆ ಒಳಪಟ್ಟವರೇ. ಆದರೆ ಜೊತೆಯಲ್ಲಿ ಬಂದು ಕುಳಿತ ಭಾವಮೈದುನನಿಗೆ ಈ ಕಟ್ಟಿಲ್ಲ; ನಾಳೆ ಅವನನ್ನೇ ಸಾಕ್ಷಿಯಾಗಿ ಕರೆಯಬಹುದು. ಆದುದರಿಂದ ನಡೆದದ್ದನ್ನು ಹೇಳುವ ಹೊತ್ತಿಗೆ ಬಂಧುಗಳು ಹೊರಗಿರುವುದೇ ಸರಿ. ಶುಲ್ಕ ಕೊಟ್ಟವರು ತಂದೆಯೇ ಆಗಿದ್ದರೂ ಕಕ್ಷಿಗಾರ ಮಗನೇ. ಈ ರಕ್ಷಣೆಗೆ ಒಂದು ಮೇರೆಯುಂಟು: ಮುಂದೆ ಅಪರಾಧವೆಸಗಲು, ಸಾಕ್ಷಿಗಳನ್ನು ಕೆಡಿಸಲು ಕೇಳುವ ಸಲಹೆಗೆ ಅದು ಅನ್ವಯಿಸದು. ಕಳೆದದ್ದನ್ನು ಹೇಳಿಕೊಳ್ಳಲು ಕಾನೂನು ಆಶ್ರಯ ಕೊಡುತ್ತದೆ; ಮುಂದಿನ ಕೇಡನ್ನು ಹೂಡಲು ಕೊಡುವುದಿಲ್ಲ. ಇದಕ್ಕಿಂತ ವಿವೇಕದ ಗಡಿರೇಖೆಯನ್ನು ನೀತಿಶಾಸ್ತ್ರವೂ ಎಳೆಯಲಾರದೇನೋ.

ನಮ್ಮ ಶಾಲೆಗಳಲ್ಲಿ ಮೂಲಭೂತ ಹಕ್ಕುಗಳನ್ನು ಬಾಯಿಪಾಠ ಮಾಡಿಸುತ್ತೇವೆ. 22ನೆಯ ಅನುಚ್ಛೇದ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಮುಗಿಯುತ್ತದೆ. ಅದನ್ನು ಕಲಿತ ಹುಡುಗನೇ ಮುಂದೊಂದು ದಿನ ಠಾಣೆಯ ಬೆಂಚಿನ ಮೇಲೆ ಕುಳಿತಾಗ ‘ನನ್ನ ವಕೀಲರೊಡನೆ ಮಾತನಾಡಬೇಕು’ ಎನ್ನಲು ನಾಲಗೆ ಏಳದೆ ಹೋದರೆ ಆ ಪಾಠದ ಫಲವೇನು? ಆ ವಾಕ್ಯವನ್ನು ನಾಚಿಕೆಯಿಲ್ಲದೆ ಹೇಳುವುದನ್ನು, ಹೇಳಿದವನನ್ನು ಅಪರಾಧಿಯೆಂದು ಎಣಿಸದಿರುವುದನ್ನು ನಾವು ಕಲಿಸಬೇಕು. ಸತ್ಯವನ್ನು ಪೂರ್ತಿಯಾಗಿ ಕೇಳಿಸಿಕೊಂಡು, ಅದಕ್ಕಾಗಿ ತನ್ನನ್ನು ದಂಡಿಸದ ಒಬ್ಬನಾದರೂ ಮನುಷ್ಯನಿಗೆ ಬೇಕು. ನ್ಯಾಯಾಲಯದ ಮೆಟ್ಟಿಲಲ್ಲಿ ಆ ಒಬ್ಬನನ್ನು ಕಾನೂನೇ ಒದಗಿಸಿದೆ. ಅವನೆದುರಿಗೂ ಸುಳ್ಳು ಹೇಳಿದರೆ ಮನುಷ್ಯ ಆ ಮೆಟ್ಟಿಲನ್ನು ಒಂಟಿಯಾಗಿಯೇ ಹತ್ತಬೇಕಾಗುತ್ತದೆ.