ಅಕ್ಷರದ ವೇಷ

ಸೇಡಂ ತಾಲೂಕಿನ ಮಳಖೇಡವು ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟವೆಂಬ ರಾಜಧಾನಿಯಾಗಿದ್ದಿತು. ಈಗ ದೊರೆತಿರುವ ಕನ್ನಡ ಗ್ರಂಥಗಳಲ್ಲೆಲ್ಲ ಮೊದಲನೆಯದಾದ ಕವಿರಾಜಮಾರ್ಗವು ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಅದರ ಮೊದಲ ಪರಿಚ್ಛೇದವು ದೋಷಾದೋಷಗಳ ವಿವೇಚನೆಗೇ ಮೀಸಲು. ಇಂತಹ ಸೀಮೆಯಲ್ಲಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದು, ಚಿಂಚೋಳಿಗಳ ಡಿಟಿಪಿ ಅಂಗಡಿಗಳಲ್ಲಿ ಸಿದ್ಧವಾಗುವ ಕನ್ನಡದಲ್ಲಿ ಬಹುಪಾಲು ಕನ್ನಡವೇ ಅಲ್ಲವೆಂದರೆ ವಾಚಕರು ನಂಬುವರೇ?

ಪರೀಕ್ಷೆ ಸುಲಭವಾದದ್ದು. ಪೇಜ್‌ಮೇಕರಿನಲ್ಲಾಗಲಿ ಕೋರೆಲ್‌ಡ್ರಾದಲ್ಲಾಗಲಿ ನುಡಿಯ ಹಳೆಯ ಫಾಂಟಿನಿಂದ ರಚಿಸಿದ ಒಂದು ಲಗ್ನಪತ್ರಿಕೆಯನ್ನು ತೆರೆದು, ಆ ಫಾಂಟನ್ನು ತೆಗೆದು ಇಂಗ್ಲಿಷಿನದೊಂದನ್ನು ಹಾಕಿ ನೋಡತಕ್ಕದ್ದು. 'ಕ' ಎಂದು ಕಾಣುತ್ತಿದ್ದದ್ದು ಇಂಗ್ಲಿಷಿನ ದೊಡ್ಡ 'ಪಿ'ಯೂ ಅದರ ಮಗ್ಗುಲಲ್ಲಿ ತಲೆಯ ಮೇಲೆ ಗೀಟುಳ್ಳ 'ಎ'ಯೂ ಆಗಿ ಬಯಲಾಗುತ್ತದೆ. ಗಣಕವು ಬಲ್ಲದ್ದು ಪರಲಿಪಿಯ ಚಿಹ್ನೆಗಳನ್ನು. ಕನ್ನಡವು ಅವಕ್ಕೆ ತೊಡಿಸಿದ ವೇಷ ಮಾತ್ರ. ಇಂತಹ ಪುಟದಲ್ಲಿ ಕವಿಯ ಹೆಸರನ್ನು ಹುಡುಕಿದರೆ ಸಿಕ್ಕದು. ದೃಷ್ಟಿಯಿಲ್ಲದವರಿಗೆ ಓದಿಹೇಳುವ ತಂತ್ರಾಂಶಕ್ಕೆ ಅದು ಬರಿಯ ಪ್ರಲಾಪ. ಆ ಫಾಂಟು ಇಲ್ಲದ ಗಣಕದಲ್ಲಿ ಅದನ್ನು ತೆರೆದವನ ಪಾಡು ಮೋಡಿಯ ಕಾಗದವನ್ನು ಕಂಡ ಬಾಲಕನ ಪಾಡೇ ಸರಿ.

ಹಿಂದೆ ಇದು ಅನಿವಾರ್ಯವಾಗಿದ್ದಿತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹವೂ ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿಯೂ ಮಾಡಿದ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು. ಆದರೆ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವು 1991ರಲ್ಲಿಯೇ ದೊರೆತಿತ್ತು. ಪೇಜ್‌ಮೇಕರಿನ ಬೆಳವಣಿಗೆಯನ್ನು ಅದರ ಒಡೆಯರಾದ ಅಡೋಬಿಯವರೇ 2004ರಲ್ಲಿ ನಿಲ್ಲಿಸಿಬಿಟ್ಟರು. ಒಡೆಯನೇ ಉತ್ತರಕ್ರಿಯೆ ಮುಗಿಸಿದ ಮೇಲೂ ಬಾಡಿಗೆಯವರು ಹೆಣವನ್ನು ಕಾಯುತ್ತ ಕುಳಿತಿರುವುದು ಯಾವ ನ್ಯಾಯ?

ಇಲ್ಲಿ ವಿನ್ಯಾಸಕಾರರ ಪೂರ್ವಪಕ್ಷವುಂಟು: ಯೂನಿಕೋಡಿನಲ್ಲಿ ಒತ್ತಕ್ಷರವು ಒಡೆದು 'ಅಕ್ಷರ'ವು 'ಅಕ್‌ಷರ'ವಾಗುತ್ತದೆ ಎಂಬುದು. ಒಡೆಯುವುದು ನಿಜ, ಹಾಗೆ ಒಡೆದ ಫಲಕಗಳನ್ನು ಕಂಡವರು ಬಹಳ ಮಂದಿ. ಆದರೆ ದೋಷವು ಯೂನಿಕೋಡಿನದಲ್ಲ. 2012ರ ಇನ್‌ಡಿಸೈನ್ ಸಿಎಸ್ 6ರಿಂದೀಚೆಗೆ ಭಾರತೀಯ ಲಿಪಿಗಳನ್ನು ಕೂಡಿಸುವ ಏರ್ಪಾಡು ಬಂದಿದೆ. ಫೋಟೋಶಾಪಿನಲ್ಲಿಯೂ ದಕ್ಷಿಣ ಏಷ್ಯದ ಲಿಪಿಗಳ ಜೋಡಣೆಯನ್ನು ಆರಿಸಿಕೊಳ್ಳಬೇಕು, ಅಷ್ಟೆ. ಹಣವಿಲ್ಲವೆಂಬುವರಿಗೆ ಇಂಕ್‌ಸ್ಕೇಪ್, ಸ್ಕ್ರೈಬಸ್‌ಗಳು ಉಚಿತವಾಗಿವೆ. ಅಂದವಾದ ಅಕ್ಷರಗಳಿಲ್ಲವೆಂಬ ಮಾತು ಒಂದು ಕಾಲಕ್ಕೆ ಸತ್ಯವಾಗಿದ್ದಿತು. ಬಾಲೂ ತಮ್ಮ, ನೋಟೋ, ತಿರೋ ಕನ್ನಡಗಳು ಬಿಟ್ಟಿಯಾಗಿ ದೊರೆಯುವ ಇಂದು ಅದು ಸೋಮಾರಿತನದ ಸಮರ್ಥನೆ. (ಶಹಾಬಾದಿನವರ ಮನೆಯ ನಕ್ಷೆಯಲ್ಲಿ ಶಹಾಬಾದಿನ ಹಾಸುಗಲ್ಲಿನ ಹೆಸರನ್ನೇ ಇಂಗ್ಲಿಷಿನಲ್ಲಿ ಬರೆಯುವ ಒಳಾಂಗಣ ವಿನ್ಯಾಸಕಾರರ ವಿಚಾರವು ಬೇರೆಯೇ ಒಂದು ಲೇಖನಕ್ಕೆ ತಕ್ಕದ್ದು.)

2024ರ ತಿದ್ದುಪಡಿಯಂತೆ ಅಂಗಡಿಯ ಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರತಕ್ಕದ್ದು. ಆ ಅರುವತ್ತರಲ್ಲಿ ಒತ್ತುಗಳು ಕಾಲು ಮುರಿದುಕೊಂಡಿದ್ದರೆ ಅಳೆಯುವ ಅಧಿಕಾರಿಗೆ ಅದು ಕಾಣದು. 1948ರವರೆಗೆ ಈ ಸೀಮೆಯ ಕಚೇರಿಯ ಭಾಷೆ ಉರ್ದುವಾಗಿದ್ದಿತು. ಕನ್ನಡದ ಒಂದು ಶಾಲೆಗಾಗಿ ಹೆಣಗಿದ ಹಿರಿಯರ ಮೊಮ್ಮಕ್ಕಳು ತಮ್ಮ ಗಣಕದೊಳಗೆ ಕನ್ನಡವಿದೆಯೋ ಇಲ್ಲವೋ ಎಂದು ವಿಚಾರಿಸದಿರುವುದು ಸೋಜಿಗವೇ ಸರಿ.

ವಿನ್ಯಾಸಕಾರರನ್ನು ಮಾತ್ರ ದೂಷಿಸಿದರೆ ಅನ್ಯಾಯವಾದೀತು. ಸಾಹಿತ್ಯ ಸಂಘಗಳ ಸ್ಮರಣ ಸಂಚಿಕೆಗಳೂ ಕವನ ಸಂಕಲನಗಳೂ ಅದೇ ವೇಷದಲ್ಲಿ ಅಚ್ಚಾಗಿವೆ. ಅವನ್ನು ಪರಿವರ್ತಕಗಳಿಂದ ಯೂನಿಕೋಡಿಗೆ ತಂದು, ಅರ್ಕಾವತ್ತುಗಳನ್ನೂ ಅಂಕಿಗಳನ್ನೂ ಇನ್ನೊಮ್ಮೆ ತಿದ್ದುವುದು ಪಂಡಿತರ ಕೆಲಸವೇ ಹೊರತು ಅಂಗಡಿಯ ಹುಡುಗರದಲ್ಲ. ಇನ್ನು ಮುಂದೆ ಕರಡಚ್ಚು ನೋಡಲು ಹೋದವರು ಗಣಕದ ಮುಂದೆ ಕುಳಿತು, ಯೂನಿಕೋಡಿನ ಕೀಲಿಮಣೆಯಿಂದ 'ಶ್ರೀ' ಎಂದು ಬರೆದು ಆ ಕಡತದಲ್ಲಿ ಹುಡುಕಿಸಲಿ. ಶ್ರೀಕಾರವು ಸಿಕ್ಕದಿದ್ದರೆ ಹಣವನ್ನು ಕೊಡದೆ ಎದ್ದು ಬರಲಿ.